ಮೊಳಕೆಯಲ್ಲಿ ಕಾಣದ ಸಿರಿ

'ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು' ಎಂಬ ಗಾದೆಯನ್ನು ಶಾಲೆಯ ಗೋಡೆಯ ಮೇಲೆ ಓದಿಕೊಂಡೇ ಬೆಳೆದವಳು ನಾನು. ಹೆಬ್ಬಾಳದ ಜಿಕೆವಿಕೆಯಲ್ಲಿ ರಾಗಿ ತಳಿಗಳ ಮೇಲೆ ಪಿಎಚ್.ಡಿ. ಮಾಡುತ್ತಾ ಈಗ ನಾಲ್ಕನೇ ವರ್ಷಕ್ಕೆ ಬಂದಿದ್ದೇನೆ. ಈ ನಾಲ್ಕು ವರ್ಷಗಳಲ್ಲಿ ನನಗೂ ಆ ಗಾದೆಗೂ ಸಣ್ಣದೊಂದು ಜಗಳ ಶುರುವಾಗಿದೆ. ನನ್ನ ಕೆಲಸವೆಂದರೆ ಸಾವಿರಾರು ಗಿಡಗಳ ನಡುವೆ ಓಡಾಡಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಗುರುತು ಹಾಕುವುದು. ಗುರುತು ಹಾಕಿದ ಗಿಡ ಮುಂದಿನ ವರ್ಷ ನಿರಾಸೆ ಮಾಡುವುದನ್ನು ಎಷ್ಟು ಸಲ ನೋಡಿದ್ದೇನೆಂದರೆ, ಮೊಳಕೆಯಲ್ಲೇ ಸಿರಿ ಕಾಣುತ್ತದೆ ಎನ್ನುವವರನ್ನು ಕಂಡರೆ ಒಮ್ಮೆ ನಮ್ಮ ಹೊಲಕ್ಕೆ ಬನ್ನಿ ಎಂದು ಕರೆಯಬೇಕೆನಿಸುತ್ತದೆ.

ಈಗ ಈ ಜಗಳ ಮತ್ತೆ ಎದ್ದು ಕೂತದ್ದು ರಾಗಿಯಿಂದಲ್ಲ, ಬ್ಯಾಸ್ಕೆಟ್‌ಬಾಲಿನಿಂದ. ನಾನೂ ನನ್ನ ತಂಗಿಯೂ ಯಲಹಂಕ ಉಪನಗರದಲ್ಲಿ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದೇವೆ. ಅವಳಿಗೆ ನಾಗವಾರದ ಕಡೆ ಕಂಪನಿ ಕೆಲಸ. ಸಹಕಾರನಗರ, ಜಕ್ಕೂರು, ಆರ್.ಟಿ. ನಗರ, ಹೆಬ್ಬಾಳದ ಸುತ್ತಮುತ್ತ ಆಡುವ ಹೆಣ್ಣುಮಕ್ಕಳು ಸೇರಿ ಒಂದು ಸಣ್ಣ ಲೀಗ್ ಮಾಡಿಕೊಂಡಿದ್ದಾರೆ. ಅಪಾರ್ಟ್‌ಮೆಂಟುಗಳಲ್ಲಿ ಗಂಡಸರು ಕ್ರಿಕೆಟ್ಟಿಗೆ ಮಾಡಿಕೊಳ್ಳುವಂಥದ್ದೇ. ಆಟ ಮಾತ್ರ ತ್ರೀ ಬೈ ತ್ರೀ ಬ್ಯಾಸ್ಕೆಟ್‌ಬಾಲ್: ಅರ್ಧ ಅಂಕಣ, ಒಂದೇ ಬುಟ್ಟಿ, ಒಂದು ಕಡೆ ಮೂವರು, ಹತ್ತು ನಿಮಿಷದ ಆಟ, ಮೊದಲು 21 ಅಂಕ ಮುಟ್ಟಿದವರು ಗೆದ್ದಂತೆ. ಟೋಕಿಯೋದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ಸಿಗೆ ಈ ಆಟ ಮೊದಲ ಸಲ ಬಂತು. ನಮ್ಮವರ ಲೀಗಿನಲ್ಲಿ ಎಂಟು ತಂಡ, ಎಂಟು ನಾಯಕಿಯರು. ನನ್ನ ತಂಗಿ ಅವರಲ್ಲೊಬ್ಬಳು. ಬರುವ ಭಾನುವಾರ ಆಟಗಾರ್ತಿಯರನ್ನು ಆರಿಸಿಕೊಳ್ಳುವ ಡ್ರಾಫ್ಟ್. ಮೂವತ್ತೇಳು ಹೆಸರುಗಳ ಪಟ್ಟಿಯನ್ನು ಅವಳು ಹೋದ ವಾರ ನನ್ನ ಮುಂದಿಟ್ಟಳು.

"ಅಕ್ಕಾ, ನೀನು ಓದ್ತಿರೋದೇ ಆರಿಸೋದನ್ನಲ್ವಾ? ಸ್ವಲ್ಪ ನೋಡ್ಕೊಡೇ."

ಹರಾಜು ನಮಗೆಲ್ಲ ಗೊತ್ತು. ಐಪಿಎಲ್ ಬಂದಮೇಲೆ ಚಹಾದಂಗಡಿಯಲ್ಲೂ ಕೋಟಿಗಳ ಲೆಕ್ಕ ನಡೆಯುತ್ತದೆ. ಡ್ರಾಫ್ಟ್ ಬೇರೆ. ಇಲ್ಲಿ ದುಡ್ಡಿನ ಕೂಗಾಟವಿಲ್ಲ, ಸರದಿ ಮಾತ್ರ. ನಿನ್ನ ಸರದಿ ಬಂದಾಗ ಉಳಿದಿರುವವರಲ್ಲಿ ಒಬ್ಬರನ್ನು ಕರೆದುಕೊಳ್ಳಬೇಕು. ಚಿಕ್ಕವರಿದ್ದಾಗ ಇಬ್ಬರು ನಾಯಕರು ಎದುರುಬದುರು ನಿಂತು 'ನಂಗೆ ಇವ್ನು, ನಿಂಗೆ ಅವ್ನು' ಎಂದು ಹಂಚಿಕೊಳ್ಳುತ್ತಿದ್ದೆವಲ್ಲ, ಅದೇ. ಕೊನೆಗೆ ಉಳಿದ ಒಂದು ಮಗುವನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುವುದೂ ಇತ್ತು. ಅಮೆರಿಕದ ಎನ್‌ಬಿಎ ಇದನ್ನೇ ದೊಡ್ಡ ವ್ಯವಸ್ಥೆ ಮಾಡಿಕೊಂಡಿದೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಬಲಿಷ್ಠರೇ ಬಲಿಷ್ಠರಾಗುತ್ತಾ ಹೋಗದಿರಲಿ ಎಂಬುದು ಅದರ ಹಿಂದಿನ ನ್ಯಾಯ. ಆದರೆ ಸೋತರೆ ಲಾಭ ಎಂದಾದಮೇಲೆ ಬೇಕೆಂದೇ ಸೋಲುವವರೂ ಇರುತ್ತಾರಲ್ಲ? ಅದಕ್ಕಾಗಿ 1985ರಿಂದ ಮೊದಲ ಸರದಿಯನ್ನು ಲಾಟರಿಯಲ್ಲಿ ತೀರ್ಮಾನಿಸುತ್ತಿದ್ದಾರೆ. 2019ರಲ್ಲಿ ನಿಯಮವನ್ನು ಇನ್ನಷ್ಟು ಬಿಗಿ ಮಾಡಿ, ತೀರಾ ಕೆಳಗಿನ ಮೂರು ತಂಡಗಳಿಗೂ ಸಮನಾಗಿ ಶೇಕಡಾ 14ರಷ್ಟು ಅವಕಾಶ ಕೊಟ್ಟರು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಈ ಡ್ರಾಫ್ಟಿನಲ್ಲಿ 52ನೆಯವನಾಗಿ ಆಯ್ಕೆಯಾದಾಗ, ಹಾಗೆ ಆಯ್ಕೆಯಾದ ಮೊದಲ ಭಾರತೀಯ ಎನಿಸಿಕೊಂಡ.

ಡ್ರಾಫ್ಟಿನ ಮುಂದೆ ಕೂತ ಯಾರನ್ನೂ ಬಿಡದ ಒಂದು ಪ್ರಶ್ನೆಯಿದೆ. ಇರುವವರಲ್ಲಿ ಎಲ್ಲರಿಗಿಂತ ಒಳ್ಳೆಯ ಆಟಗಾರನನ್ನು ಆರಿಸಬೇಕೋ, ನಮ್ಮ ತಂಡಕ್ಕೆ ಬೇಕಾದವನನ್ನು ಆರಿಸಬೇಕೋ? 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಎರಡನೇ ಸರದಿ ಸಿಕ್ಕಿತ್ತು. ಅವರಲ್ಲಿ ಕ್ಲೈಡ್ ಡ್ರೆಕ್ಸ್‌ಲರ್ ಎಂಬ ಒಳ್ಳೆಯ ಗಾರ್ಡ್ ಆಗಲೇ ಇದ್ದ. ಬೇಕಿದ್ದದ್ದು ಬುಟ್ಟಿಯ ಹತ್ತಿರ ನಿಲ್ಲುವ ಎತ್ತರದ ಸೆಂಟರ್. ಸ್ಯಾಮ್ ಬೋವಿಯನ್ನು ಆರಿಸಿದರು. ಮೂರನೇ ಸರದಿಯ ಶಿಕಾಗೋ ತಂಡ ಮೈಕೆಲ್ ಜೋರ್ಡನ್‌ನನ್ನು ಕರೆದುಕೊಂಡು ಹೋಯಿತು. ಬೋವಿಯ ಕಾಲುಗಳು ಮತ್ತೆ ಮತ್ತೆ ಮುರಿದವು. ಪೋರ್ಟ್‌ಲ್ಯಾಂಡ್ ಇಂದಿಗೂ ಆ ಒಂದು ಆಯ್ಕೆಗಾಗಿ ಮಾತು ಕೇಳುತ್ತಿದೆ.

ಇದೇ ಕಥೆ ನಮ್ಮ ಬೆಂಗಳೂರಿನಲ್ಲೂ ನಡೆದಿದೆ, ಈ ಸಲ ಲಾಭದ ಕಡೆಯಿಂದ. 2008ರಲ್ಲಿ ಐಪಿಎಲ್ ಶುರುವಾದಾಗ ದೊಡ್ಡ ಆಟಗಾರರಿಗೆ ಹರಾಜು ನಡೆಯಿತು. ಆದರೆ ಆ ಮಾರ್ಚಿನಲ್ಲಿ ಮಲೇಷ್ಯಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹರಾಜಿಗೆ ಹಾಕಲಿಲ್ಲ, ಡ್ರಾಫ್ಟಿನಲ್ಲಿ ಹಂಚಿದರು. ಆ ತಂಡದ ನಾಯಕ ದೆಹಲಿಯ ಹುಡುಗ ವಿರಾಟ್ ಕೊಹ್ಲಿ. ಅವನನ್ನು ಆರಿಸುವ ಅವಕಾಶ ದೆಹಲಿ ತಂಡಕ್ಕೇ ಮೊದಲು ಬಂತು. ಸೆಹ್ವಾಗ್, ಗಂಭೀರ್ ಇದ್ದ ಆ ತಂಡಕ್ಕೆ ಬ್ಯಾಟ್ಸ್‌ಮನ್ನರ ಕೊರತೆ ಇರಲಿಲ್ಲ, ಬೌಲರ್ ಬೇಕಿತ್ತು. ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು. ಕೊಹ್ಲಿ 30,000 ಡಾಲರಿಗೆ ಬೆಂಗಳೂರಿಗೆ ಬಂದ. ಆ ದಿನದ ಲೆಕ್ಕದಲ್ಲಿ ದೆಹಲಿಯವರು ಮಾಡಿದ್ದು ಹುಚ್ಚುತನವಲ್ಲ. ಕೈಯಲ್ಲಿ ಇರುವುದನ್ನೇ ಇನ್ನೊಂದು ತಂದುಕೊಳ್ಳುವವರು ಕಡಿಮೆ.

ಹಾಗಾದರೆ ಯಾವಾಗಲೂ ದೊಡ್ಡ ಪ್ರತಿಭೆಯನ್ನೇ ಆರಿಸಬೇಕು ಎಂದು ಹೇಳಿಬಿಡಬಹುದೇ? ಅದೇ ವರ್ಷದ ಅದೇ ಬೆಂಗಳೂರು ತಂಡ ಬೇಡ ಎನ್ನುತ್ತದೆ. ದ್ರಾವಿಡ್, ಕುಂಬ್ಳೆ, ಕ್ಯಾಲಿಸ್, ಬೌಷರ್, ಚಂದ್ರಪಾಲ್, ವಾಸಿಂ ಜಾಫರ್: ಹೆಸರು ಒಂದಕ್ಕಿಂತ ಒಂದು ದೊಡ್ಡದು. ಟೆಸ್ಟ್ ತಂಡ ಎಂದು ಜನ ನಕ್ಕರು. ಏಪ್ರಿಲ್ 18ರ ಮೊದಲ ಪಂದ್ಯದಲ್ಲಿ ಚಿನ್ನಸ್ವಾಮಿಯಲ್ಲಿ ಕೋಲ್ಕತ್ತದ ಮೆಕಲಮ್ ಒಬ್ಬನೇ ಔಟಾಗದೆ 158 ಹೊಡೆದರೆ ನಮ್ಮವರೆಲ್ಲ ಸೇರಿ ಮಾಡಿದ್ದು 82. ಎಂಟು ತಂಡಗಳಲ್ಲಿ ಏಳನೆಯದಾಗಿ ಮುಗಿಸಿದರು. ಆಗ ನಾನು ಶಾಲೆಯಲ್ಲಿದ್ದೆ. ಒಳ್ಳೆಯವರೆಲ್ಲ ಸೇರಿದರೂ ಒಳ್ಳೆಯ ತಂಡ ಆಗದಿರಬಹುದು ಎಂಬುದು ನನಗೆ ಮೊದಲು ಗೊತ್ತಾದದ್ದು ಆ ರಾತ್ರಿ, ಅಪ್ಪ ಟಿವಿ ಆರಿಸಿದಾಗ.

ರಾಗಿಯಲ್ಲೂ ಹೀಗೇ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ನಮ್ಮ ಕಡೆ 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆಯುತ್ತಾರೆ. ಆಫ್ರಿಕದ ರಾಗಿಯನ್ನು ತಂದು ನಮ್ಮ ರಾಗಿಯ ಜೊತೆ ಅವರು ಸಂಕರ ಮಾಡಿದರು. ಇಂಡಿಯಾದ 'ಇಂಡ್', ಆಫ್ರಿಕದ 'ಆಫ್' ಸೇರಿ ಆ ತಳಿಗಳಿಗೆ ಇಂಡಾಫ್ ಎಂದು ಹೆಸರು. ಆಫ್ರಿಕದ ರಾಗಿಯನ್ನು ಹಾಗೇ ತಂದು ಬಿತ್ತಿದ್ದರೆ ನಮ್ಮ ಮಳೆಗೆ, ನಮ್ಮ ಹಂಗಾಮಿಗೆ ಅದು ಹೊಂದುತ್ತಿರಲಿಲ್ಲ. ಅವರು ನೋಡಿದ್ದು ಆ ಗಿಡ ಒಂಟಿಯಾಗಿ ಎಷ್ಟು ದೊಡ್ಡದು ಎಂಬುದನ್ನಲ್ಲ, ನಮ್ಮದರ ಜೊತೆ ಸೇರಿದರೆ ಏನು ಕೊಡುತ್ತದೆ ಎಂಬುದನ್ನು. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಅದರಲ್ಲಿ ಸಂಕರ ಮಾಡುವುದು ಈಗಲೂ ಕಣ್ಣಿಗೆ, ಬೆರಳಿಗೆ ಶಿಕ್ಷೆ. ಆ ಕಾಲದಲ್ಲಿ ಅದನ್ನು ಮಾಡಿದವರ ತಾಳ್ಮೆಯನ್ನು ನೆನೆದರೆ ನನ್ನ ದೂರುಗಳೆಲ್ಲ ಬಾಯಲ್ಲೇ ಉಳಿಯುತ್ತವೆ.

ಸಂಕರವಾದ ಮೇಲೆ ಎರಡನೇ ಪೀಳಿಗೆಯಲ್ಲಿ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಎಂಟು ತೆಂಡೆ, ಒಂದಕ್ಕೆ ಎರಡು. ಹೊಸದಾಗಿ ಬಂದ ವಿದ್ಯಾರ್ಥಿಗಳು ನೇರ ಹೋಗಿ ದಪ್ಪ ತೆನೆಯ ಗಿಡಕ್ಕೆ ಚೀಟಿ ಕಟ್ಟುತ್ತಾರೆ. ಆದರೆ ಆ ಗಿಡ ಅಂಚಿನ ಸಾಲಿನಲ್ಲಿರಬಹುದು. ಅಂಚಿನಲ್ಲಿ ಬಿಸಿಲು ಹೆಚ್ಚು, ಬೇರಿಗೆ ಜಾಗ ಹೆಚ್ಚು, ಪಕ್ಕದವರ ಪೈಪೋಟಿ ಕಡಿಮೆ. ಅಥವಾ ಅದರ ಬುಡಕ್ಕೆ ಒಂದು ಹಿಡಿ ಗೊಬ್ಬರ ಹೆಚ್ಚು ಬಿದ್ದಿರಬಹುದು. ನೀವು ನೋಡುತ್ತಿರುವುದು ಗಿಡದ ಗುಣವೋ, ನಿಂತ ಜಾಗದ ಗುಣವೋ ಎಂದು ಒಂದು ಗಿಡ ನೋಡಿ ಹೇಳಲಾಗದು. ಅದಕ್ಕೇ ಅದರ ಬೀಜವನ್ನು ಮತ್ತೆ ಬಿತ್ತಬೇಕು, ಹಲವು ಜಾಗದಲ್ಲಿ ಬಿತ್ತಬೇಕು, ನಾಲ್ಕಾರು ಪೀಳಿಗೆ ಕಾಯಬೇಕು. ಪ್ರತಿ ಸಲವೂ ಪಕ್ಕದಲ್ಲಿ ರೈತರು ಆಗಲೇ ಬೆಳೆಯುತ್ತಿರುವ ಒಂದು ತಳಿಯನ್ನು, ಸಾಮಾನ್ಯವಾಗಿ ಬೆಂಕಿ ರೋಗ ತಡೆಯುವ ಜಿಪಿಯು-28 ಅನ್ನು, ಹೋಲಿಕೆಗೆಂದು ಬಿತ್ತುತ್ತೇವೆ. ನಿಮ್ಮ ಹೊಸ ಗಿಡ ಚೆನ್ನಾಗಿದೆಯೇ ಎಂಬುದು ಪ್ರಶ್ನೆಯಲ್ಲ. ಸುಲಭವಾಗಿ ಸಿಗುವುದಕ್ಕಿಂತ ಎಷ್ಟು ಚೆನ್ನಾಗಿದೆ ಎಂಬುದು ಪ್ರಶ್ನೆ.

ಈ ಕಣ್ಣಿನಿಂದಲೇ ತಂಗಿಯ ಪಟ್ಟಿಯನ್ನು ನೋಡಿದೆ. ಹೋದ ತಿಂಗಳು ಟ್ರಯಲ್ಸ್ ಎಂದು ಎಲ್ಲರನ್ನೂ ಹತ್ತು ಹತ್ತು ನಿಮಿಷ ಆಡಿಸಿದ್ದರು, ಹತ್ತು ಫ್ರೀ ಥ್ರೋ ಹಾಕಿಸಿದ್ದರು. ಪಟ್ಟಿಯಲ್ಲಿ ಮೊದಲ ಕಾಲಂ ಎತ್ತರ, ಎರಡನೆಯದು ಫ್ರೀ ಥ್ರೋ. ಒಬ್ಬಳು ಹತ್ತಕ್ಕೆ ಒಂಬತ್ತು ಹಾಕಿದ್ದಳು. ಅವಳ ಹೆಸರಿಗೆ ಎಲ್ಲ ನಾಯಕಿಯರೂ ಗೆರೆ ಎಳೆದುಕೊಂಡಿದ್ದಾರಂತೆ. ನಾನು ತಂಗಿಗೆ ಹೇಳಿದೆ: ಹತ್ತರಲ್ಲಿ ಆರು ಹಾಕುವ ಸಾಮರ್ಥ್ಯದವಳು ಒಂದು ದಿನ ನಾಲ್ಕು, ಇನ್ನೊಂದು ದಿನ ಎಂಟು ಹಾಕುವುದು ತೀರಾ ಸಹಜ, ಹತ್ತೇ ಎಸೆತದಲ್ಲಿ ಯಾರನ್ನೂ ತೂಗಬೇಡ. ಆ ಹತ್ತು ನಿಮಿಷದ ಆಟದಲ್ಲಿ ಮಿಂಚಿದವಳ ಎದುರಿಗೆ ಯಾರಿದ್ದರು ನೋಡು. ಅವಳು ಅಂಚಿನ ಸಾಲಿನ ಗಿಡ ಇರಬಹುದು.

ಎತ್ತರದ ಕಾಲಂ ಬಗ್ಗೆ ಮಾತ್ರ ನಾನು ತಡವರಿಸಿದೆ. ಅದಕ್ಕೆ ಕಾರಣವಿದೆ.

ತಂಗಿ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಕ್ರೀಡಾ ಹಾಸ್ಟೆಲ್ಲಿನ ಬ್ಯಾಸ್ಕೆಟ್‌ಬಾಲ್ ಆಯ್ಕೆಗೆ ಹೋಗಿದ್ದಳು. ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ಊರಿನಿಂದ ಅಪ್ಪ, ನಾನು, ಅವಳು ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಳತೆಯ ಗೆರೆಗಳಿದ್ದವು. ಮಕ್ಕಳು ಸಾಲಾಗಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ತಂಗಿ ಹಿಮ್ಮಡಿ ಸ್ವಲ್ಪ ಎತ್ತಿದ್ದು ನನಗೆ ಕಂಡಿತು, ಅಳೆಯುವವರಿಗೂ ಕಂಡಿತು. ಅವರು ನಕ್ಕು, ಅಪ್ಪನ ಕಡೆ ತಿರುಗಿ, "ಇವಳ ಅಮ್ಮ ಎಷ್ಟು ಎತ್ತರ ಇದಾರೆ?" ಎಂದು ಕೇಳಿದರು. ಅಪ್ಪ ತನ್ನ ಭುಜದ ಹತ್ತಿರ ಕೈಯಿಟ್ಟು ತೋರಿಸಿದ. ಅಷ್ಟೇ. ಚೆಂಡು ಮುಟ್ಟುವ ಹಂತ ಅವಳಿಗೆ ಬರಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, "ಪೈರು ಮೊದ್ಲು ಗಿಡ್ಡ ಇದ್ರೇನಂತೆ ಕಣವ್ವ, ಮಳೆ ಬಂದ್ಮೇಲೆ ನೋಡಣ" ಎಂದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಮಳೆ ಬರಲು ಮೂರು ವರ್ಷ ಬೇಕಾಯಿತು. ಪಿಯುಸಿ ಮುಗಿಸುವ ಹೊತ್ತಿಗೆ ಅವಳು ಐದು ಅಡಿ ಏಳು ಇಂಚು, ಮನೆಯಲ್ಲಿ ಎಲ್ಲರಿಗಿಂತ ಎತ್ತರ. ಆಗ ಅವಳ ಕೈಯಲ್ಲಿ ಚೆಂಡಿರಲಿಲ್ಲ, ಸಿಇಟಿ ಪುಸ್ತಕಗಳಿದ್ದವು.

ನವೆಂಬರಿನಲ್ಲಿ ಹುಟ್ಟಿದವಳು ಅವಳು. 1980ರ ದಶಕದಲ್ಲಿ ಕೆನಡಾದ ಸಂಶೋಧಕರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಂಡರು. ವಯಸ್ಸಿನ ಗೆರೆ ಜನವರಿ ಒಂದಕ್ಕೆ ಬಿದ್ದರೆ ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡದು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಎರಡು ಮೂರು ಇಂಚು. ದೊಡ್ಡದಾಗಿ ಕಂಡ ಮಗು ಆಯ್ಕೆಯಾಗುತ್ತದೆ, ಆಯ್ಕೆಯಾದದ್ದಕ್ಕೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿ ಸಿಕ್ಕಿದ್ದರಿಂದ ನಿಜಕ್ಕೂ ಚೆನ್ನಾಗಿ ಆಡುತ್ತದೆ. ಆಮೇಲೆ ನಾವು ನೋಡಿ, ಮೊಳಕೆಯಲ್ಲೇ ಗೊತ್ತಾಗಿತ್ತು ಎನ್ನುತ್ತೇವೆ. ಗೊಬ್ಬರ ಹಾಕಿದ್ದನ್ನು ಮರೆತಿರುತ್ತೇವೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು, "ಎತ್ತರದ ಕಾಲಂ ಅಳಿಸಿಬಿಡೋಣ" ಎಂದೆ. ಅವಳು ನನ್ನನ್ನೇ ನೋಡಿದಳು. "ಯಾಕೆ? ನಾನು ಮೊದಲು ತಗೊಳ್ಳೋದು ಎತ್ತರದವಳನ್ನೇ" ಎಂದಳು.

ಅವಳು ಲೆಕ್ಕ ಹಾಕಿಯೇ ಕೂತಿದ್ದಳು. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಆರನೇ ಸರದಿ. ಮೊದಲ ಸುತ್ತು ಒಂದರಿಂದ ಎಂಟು, ಎರಡನೇ ಸುತ್ತು ಎಂಟರಿಂದ ಒಂದು, ಹೀಗೆ ಹಾವಿನ ಹಾಗೆ ತಿರುಗುತ್ತದೆ. ಅಂದರೆ ಅವಳಿಗೆ ಸಿಗುವುದು 6, 11, 22, 27ನೇ ಆಯ್ಕೆ. ಆರಕ್ಕೂ ಹನ್ನೊಂದಕ್ಕೂ ನಡುವೆ ನಾಲ್ಕು ಜನ ಹೋಗುತ್ತಾರೆ. ಹನ್ನೊಂದಕ್ಕೂ ಇಪ್ಪತ್ತೆರಡಕ್ಕೂ ನಡುವೆ ಹತ್ತು ಜನ. ಮೂವತ್ತೇಳು ಜನರಲ್ಲಿ ಐದು ಅಡಿ ಎಂಟು ಇಂಚಿಗೆ ಮೇಲಿರುವವರು ಐದೇ ಮಂದಿ. ದೂರದಿಂದ ಚೆನ್ನಾಗಿ ಎಸೆಯುವವರು ಹದಿನಾಲ್ಕು. "ಎಸೆಯೋರು ಇಪ್ಪತ್ತೆರಡನೇ ಸರದಿಗೂ ಇರ್ತಾರೆ ಅಕ್ಕ. ಎತ್ತರದವರು ಇರಲ್ಲ. ಬುಟ್ಟಿ ಇರೋದು ಹತ್ತಡಿ ಮೇಲೆ, ನಮ್ಮ ಸಿಟ್ಟಿಗೆ ಅದೇನು ಕೆಳಗೆ ಬರುತ್ತಾ?"

ನಾನು ಹೊಲದಲ್ಲಿ ಜಿಪಿಯು-28 ಇಟ್ಟುಕೊಂಡು ಮಾಡುವ ಕೆಲಸವನ್ನೇ ಅವಳು ಮಾಡಿದ್ದಳು. ಸುಲಭವಾಗಿ ಸಿಗುವುದು ಯಾವುದು, ಸಿಗದಿರುವುದು ಯಾವುದು, ಮೊದಲ ಸರದಿ ಯಾವುದಕ್ಕೆ ಖರ್ಚಾಗಬೇಕು. ಒಳ್ಳೆಯವಳೋ ಬೇಕಾದವಳೋ ಎಂಬ ಹಳೆಯ ಪ್ರಶ್ನೆಯನ್ನು ಅವಳು ಬೇರೆಯೇ ಮಾಡಿಕೊಂಡಿದ್ದಳು: ಆಮೇಲೆ ಸಿಗದವಳು ಯಾರು?

ಆದರೂ ಕೇಳದೆ ಇರಲಾಗಲಿಲ್ಲ. "ನಿನ್ನನ್ನೂ ಹೀಗೇ ಬಿಟ್ಟಿದ್ದರಲ್ಲವಾ?"

ಅವಳು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಳು. "ಅವತ್ತು ಅವರಿಗೆ ಇದ್ದದ್ದು ಹನ್ನೆರಡು ಜಾಗ. ನೂರಾರು ಮಕ್ಕಳು. ಎತ್ತರ ನೋಡಿದ್ದು ತಪ್ಪು ಅಂತ ನಂಗೆ ಈಗ ಅನಿಸಲ್ಲ. ಮುಂದಿನ ವರ್ಷ ಬಾ, ಇನ್ನೊಂದು ಸಲ ನೋಡ್ತೀವಿ ಅಂತ ಯಾರೂ ಹೇಳಲಿಲ್ಲ ನೋಡು. ಅದೊಂದು ಹೇಳಿದ್ದರೆ ನಾನು ಚೆಂಡು ಬಿಡ್ತಿರಲಿಲ್ಲ."

ಆ ಮಾತು ನನ್ನ ನಾಲ್ಕು ವರ್ಷದ ಓದನ್ನೇ ಮುಟ್ಟಿತು. ಆರಿಸುವುದೆಂದರೆ ಬಿಡುವುದು, ಜಾಗ ಕಡಿಮೆ ಇರುವ ಕಡೆ ಅದು ತಪ್ಪಿದ್ದಲ್ಲ. ಆದರೆ ಬಿಟ್ಟದ್ದನ್ನು ಏನು ಮಾಡುತ್ತೀರಿ? ನಮ್ಮ ವಿಭಾಗದಲ್ಲಿ ಕೈಬಿಟ್ಟ ಸಾಲುಗಳ ಬೀಜವನ್ನು ಎಸೆಯುವುದಿಲ್ಲ. ಕಂದು ಬಣ್ಣದ ಕಾಗದದ ಕವರಿಗೆ ಹಾಕಿ, ನಂಬರು ಬರೆದು, ತಣ್ಣನೆಯ ಕೋಣೆಯಲ್ಲಿಡುತ್ತೇವೆ. ಇಳುವರಿಯಲ್ಲಿ ಸೋತ ಸಾಲು ಒಂದು ಬರಗಾಲದ ವರ್ಷದಲ್ಲಿ, ಒಂದು ಹೊಸ ರೋಗ ಬಂದ ವರ್ಷದಲ್ಲಿ ಬೇಕಾಗಬಹುದು.

ಆಟದಲ್ಲೂ ಮತ್ತೆ ನೋಡಿದವರಿಗೆ ಫಲ ಸಿಕ್ಕಿದೆ. ಎನ್‌ಬಿಎಯಲ್ಲಿ ಮೂರು ಸಲ ವರ್ಷದ ಶ್ರೇಷ್ಠ ಆಟಗಾರನಾದ ನಿಕೋಲಾ ಯೋಕಿಚ್ 2014ರ ಡ್ರಾಫ್ಟಿನಲ್ಲಿ 41ನೆಯವನು. ನಲವತ್ತು ಸಲ ಅವನ ಹೆಸರನ್ನು ದಾಟಿ ಹೋಗಿದ್ದರು. ಕ್ರಿಸ್ ಗೇಲ್ 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ. ಗಾಯಗೊಂಡವರ ಬದಲಿಗೆ ಬೆಂಗಳೂರಿಗೆ ಬಂದು ಆ ವರ್ಷ 608 ರನ್ ಮಾಡಿದ. 2022ರ ಹರಾಜಿನಲ್ಲಿ ರಜತ್ ಪಾಟೀದಾರ್‌ನನ್ನು ಯಾರೂ ಕೊಳ್ಳಲಿಲ್ಲ. ನಮ್ಮ ಲವ್‌ನೀತ್ ಸಿಸೋಡಿಯಾಗೆ ಗಾಯವಾದಾಗ ಬದಲಿಯಾಗಿ ಬಂದ, ಎಲಿಮಿನೇಟರ್ ಪಂದ್ಯದಲ್ಲಿ ಔಟಾಗದೆ 112 ಹೊಡೆದ. ಜೆಡ್ಡಾದಲ್ಲಿ 2024ರ ನವೆಂಬರಿನಲ್ಲಿ ನಡೆದ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಗೆ ಹೋದಾಗ ನಮ್ಮ ಕನ್ನಡದ ಹುಡುಗನನ್ನು ಬಿಟ್ಟರು ಎಂದು ಇಡೀ ಊರು ಮುನಿಸಿಕೊಂಡಿತ್ತು. ಅದೇ ಹರಾಜಿನಲ್ಲಿ ಮೊದಲ ಸಲ ಹೆಸರು ಕೂಗಿದಾಗ ದೇವದತ್ ಪಡಿಕ್ಕಲ್‌ಗೆ ಯಾರೂ ಕೈ ಎತ್ತಲಿಲ್ಲ; ಮಾರನೆಯ ದಿನ ಎರಡನೇ ಸಲ ಕೂಗಿದಾಗ ಬೆಂಗಳೂರು 2 ಕೋಟಿಗೆ ಕರೆದುಕೊಂಡಿತು. ಪಡಿಕ್ಕಲ್ ಗಾಯಗೊಂಡಾಗ ಬಂದವನು, ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದ ಮಯಾಂಕ್ ಅಗರ್ವಾಲ್. 2025ರ ಜೂನ್ 3ರಂದು ಅಹಮದಾಬಾದಿನ ಫೈನಲಿನಲ್ಲಿ ಬೆಂಗಳೂರು ಆರು ರನ್ನಿನಿಂದ ಗೆದ್ದಾಗ ಮಯಾಂಕ್ ಆಡುತ್ತಿದ್ದ, ಪಾಟೀದಾರ್ ನಾಯಕನಾಗಿದ್ದ. ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ಹನ್ನೊಂದು ಜೀವಗಳು ಹೋದವು. ಆ ಗೆಲುವನ್ನು ನೆನೆಯುವಾಗ ಅದನ್ನು ಬಿಟ್ಟು ನೆನೆಯಲಾಗುವುದಿಲ್ಲ. ಆದರೆ ತಂಡ ಕಟ್ಟಿದ ಬಗೆಯನ್ನಷ್ಟೇ ನೋಡಿದರೆ, ಒಮ್ಮೆ ಬೇಡವಾದವರ ಹೆಸರನ್ನು ಎರಡನೇ ಸಲ ಓದಿದವರ ತಂಡ ಅದು.

ಅಪ್ಪನೂ ಇದನ್ನೇ ಮಾಡುತ್ತಿದ್ದ ಎಂದು ಈಗ ಹೊಳೆಯುತ್ತದೆ. ಕಣದಲ್ಲಿ ರಾಗಿ ಬಡಿಯುವ ಮುಂಚೆ ಬಿತ್ತನೆಗೆಂದು ತೆನೆ ಆಯುವಾಗ ಬರೀ ದಪ್ಪ ತೆನೆಗಳನ್ನು ತೆಗೆಯುತ್ತಿರಲಿಲ್ಲ. ಸಾಧಾರಣದವನ್ನೂ, ಬೇಗ ಬಲಿತ ಸಣ್ಣವನ್ನೂ ಒಂದಿಷ್ಟು ಸೇರಿಸುತ್ತಿದ್ದ. ಕೇಳಿದರೆ, "ಮುಂದಿನ ವರ್ಷದ ಮಳೆ ನಂಗೆ ಹೇಳಿ ಬತ್ತದಾ?" ಎನ್ನುತ್ತಿದ್ದ.

ತಂಗಿಯ ಪಟ್ಟಿ ಈಗ ಹೆಚ್ಚುಕಡಿಮೆ ಸಿದ್ಧವಾಗಿದೆ. ಆರನೇ ಸರದಿಗೆ ಎತ್ತರದವರಲ್ಲಿ ಉಳಿದವಳು. ಹನ್ನೊಂದಕ್ಕೆ ತಾನು ಎಸೆಯದೆ ಬೇರೆಯವರಿಗೆ ಚೆಂಡು ಕೊಡುವ ಆರ್.ಟಿ. ನಗರದ ಹುಡುಗಿ, ಅವಳ ಹೆಸರಿನ ಮುಂದೆ ಎರಡೂ ಕಾಲಂಗಳಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಆದರೆ ಅವಳಿದ್ದ ಕಡೆಯವರೇ ಟ್ರಯಲ್ಸಿನಲ್ಲಿ ಹೆಚ್ಚು ಸಲ ಗೆದ್ದಿದ್ದರು. ಇಪ್ಪತ್ತೆರಡು, ಇಪ್ಪತ್ತೇಳಕ್ಕೆ ಎಸೆಯುವವರಲ್ಲಿ ಸಿಕ್ಕವರು. ಎಂಟು ತಂಡಕ್ಕೆ ನಾಲ್ಕು ನಾಲ್ಕರಂತೆ ಮೂವತ್ತೆರಡು ಜನ ಹೋದರೆ ಕೊನೆಗೆ ಐದು ಹೆಸರು ಉಳಿಯುತ್ತವೆ. ಆ ಐವರಿಗೆ ಏನು ಹೇಳಬೇಕೆಂದು ಉಳಿದ ನಾಯಕಿಯರು ಇನ್ನೂ ಯೋಚಿಸಿಲ್ಲ. ತಂಗಿ ಮಾತ್ರ ಪಟ್ಟಿಯ ಬಲತುದಿಯಲ್ಲಿ ಗೆರೆ ಎಳೆದು ಹೊಸದೊಂದು ಕಾಲಂ ಮಾಡಿಕೊಂಡಿದ್ದಾಳೆ. ಅದರ ನೆತ್ತಿಯ ಮೇಲೆ 'ಬುಧವಾರದ ಪ್ರಾಕ್ಟೀಸಿಗೆ ಕರೆಯಬೇಕು' ಎಂದು ಬರೆದಿದ್ದಾಳೆ. ಕೆಳಗೆ ಐದು ಖಾಲಿ ಸಾಲುಗಳಿವೆ.